ಮಾವನ ಎಡಗಾಲು

ಆ ಕಾರಿನ ಸದ್ದು ಬೀದಿಯ ಆಚೆ ತುದಿಯಲ್ಲಿರುವಾಗಲೇ ಅವನಿಗೆ ಗೊತ್ತಾಯಿತು. ಗೊತ್ತಾಗಲಿಲ್ಲವೆಂದು ತನಗೆ ತಾನೇ ಹೇಳಿಕೊಂಡು, ಆಗಲೇ ಬಿಗಿಯಾಗಿದ್ದ ಬೋಲ್ಟೊಂದನ್ನು ಇನ್ನೊಮ್ಮೆ ಬಿಗಿ ಮಾಡತೊಡಗಿದ. ಶೆಡ್ಡಿನಲ್ಲಿ ಅವನೊಬ್ಬನೇ. ಹದಿನೆಂಟು ವರ್ಷದಿಂದ ಒಬ್ಬನೇ ಕಾರು ರಿಪೇರಿ ಮಾಡಿ, ತನ್ನ ಜೊತೆ ತಾನೇ ಮಾತಾಡಿಕೊಂಡು, ತನ್ನನ್ನು ತಾನೇ ಬೈದುಕೊಂಡು, ಬೈಸಿಕೊಂಡಿದ್ದಕ್ಕೆ ಒಂದಿಷ್ಟು ಹೊತ್ತು ಮುನಿಸಿಕೊಂಡು ಇರುವುದು ಅವನಿಗೆ ಅಭ್ಯಾಸವಾಗಿತ್ತು. ಇವತ್ತು ಬೆಳಗಿನಿಂದ ಬೈಗುಳದ ಪಾಳಿ. ಕಾರು ಒಳಗೆ ಬಂದು, ನೆಲದ ಮೇಲೆ ಅವನೇ ಎಳೆದಿದ್ದ ಹಳದಿ ಗೆರೆಯ ಮುಂದೆ ಅಂಗುಲದಷ್ಟೂ ಆಚೀಚೆಯಾಗದೆ ನಿಂತಿತು. ಹೆಂಡತಿಯ ಅಪ್ಪ, ಎಪ್ಪತ್ತನಾಲ್ಕು ವರ್ಷದ ಮಾವ, ಇಳಿದು, ಬಾಗಿಲು ಹಾಕಿ, ಬಿದ್ದಿದೆಯೋ ಇಲ್ಲವೋ ಎಂದು ಎಳೆದು ನೋಡಿ, "ಇಂಜಿನ್ ಲೈಟು ಮತ್ತೆ ಬಂತಪ್ಪ" ಎಂದರು. ದೂರದ ನೆಂಟರು ಹೇಳದೆ ಕೇಳದೆ ಬಂದಿಳಿದರು ಎನ್ನುವಷ್ಟು ಸಂತೋಷ ಆ ದನಿಯಲ್ಲಿತ್ತು.

"ಬಂತಾ?" ಎಂದ ಅವನು, ಬೋಲ್ಟಿನಿಂದ ಕಣ್ಣು ತೆಗೆಯದೆ.

"ನಿನ್ನೆ ಬೆಳಿಗ್ಗೆ ಎಂಟು ಹತ್ತಕ್ಕೆ. ಒಂದು ಗಂಟೆಗೆ ಮಗಳು ಬರ್ತಾಳೆ, ಕೀ ಇಸ್ಕೊಳ್ಳೋಕೆ. ನಾನೇ ಮಾತು ಕೊಟ್ಟಿದೀನಿ. ಗಾಡೀಲಿ ಏನೂ ಇಲ್ಲ ಅಂತಾದ್ರೆ ಇರೋದು ನನ್ನ ಕಾಲಲ್ಲೇ ತಾನೇ? ಕೊಟ್ಬಿಡ್ತೀನಿ, ಇನ್ನು ಓಡಿಸಲ್ಲ. ಅದಕ್ಕೆ ಮುಂಚೆ ಒಂದೇ ಒಂದು ಸಲ ನಿನ್ನ ಮಿಷಿನ್ ಹಾಕಿ ನೋಡ್ಬಿಡು. ಆಮೇಲೆ ನನ್ನದೇನೂ ತಕರಾರಿಲ್ಲ."

ತಕರಾರಿಲ್ಲ ಎನ್ನುವವರ ಮುಂದೆ ನಿಲ್ಲುವಷ್ಟು ಕಷ್ಟ ಬೇರೆ ಇಲ್ಲ. ಜಗಳ ಆಡುವ ಗಿರಾಕಿಗಳೆಂದರೆ ಅವನಿಗೆ ಲೆಕ್ಕವೇ ಇಲ್ಲ. ಅವರು ಕೂಗಾಡುವಷ್ಟು ಹೊತ್ತು ಕೈ ಒರೆಸಿಕೊಳ್ಳುತ್ತ ನಿಂತರೆ ಮುಗಿಯಿತು. ಈ ಮನುಷ್ಯ ಕೂಗುವುದಿಲ್ಲ. ಮೂರು ವಾರದ ಹಿಂದೆಯೂ ಹೀಗೇ ಬಂದು, ಇದೇ ಹಳದಿ ಗೆರೆಯ ಮುಂದೆ ಕಾರು ನಿಲ್ಲಿಸಿ, ಹೊರಡುವಾಗ ಗಾಡಿ ಎಳೆಯುತ್ತಿಲ್ಲ, ನಡುಗುತ್ತದೆ, ಒಮ್ಮೊಮ್ಮೆ ಆರಿಯೇ ಹೋಗುತ್ತದೆ ಎಂದು ಹೇಳಿ, ಪಕ್ಕದಲ್ಲಿ ಕೈಕಟ್ಟಿ ನಿಂತಿದ್ದರು. ಅವತ್ತು ಸ್ಟೇರಿಂಗ್ ಕೆಳಗಿನ ಸಾಕೆಟ್ಟಿಗೆ ಸ್ಕ್ಯಾನರ್ ಚುಚ್ಚಿದಾಗ ಕೋಡ್ ಬಂದಿತ್ತು. ಖಂಡಿತ ಬಂದಿತ್ತು. ಪಿ, ಸೊನ್ನೆ, ಒಂದು, ಏಳು, ಒಂದು. ಗಾಳಿ ಜಾಸ್ತಿ, ಪೆಟ್ರೋಲ್ ಕಮ್ಮಿ ಎಂದು ಅದರ ಅರ್ಥ. ಅದನ್ನು ನೋಡಿದ. ಹೊರಗೆ ಇನ್ನೆರಡು ಕಾರು ಕಾಯುತ್ತಿದ್ದವು. ವಯಸ್ಸಾದ ಕಾರುಗಳೆಲ್ಲ ಆಗಾಗ ಈ ಕೋಡ್ ಹೇಳಿಕೊಂಡು ಗೊಣಗುತ್ತವೆ, ಇದು ಕ್ಲಚ್ಚನ್ನು ತಟ್ಟನೆ ಬಿಡುವ ಮುದುಕರ ಕಾಲಿನ ಸಮಾಚಾರವೇ ಹೊರತು ಬೇರೆಯಲ್ಲ ಎಂದು ಮನಸ್ಸು ಆಗಲೇ ತೀರ್ಮಾನ ಕೊಟ್ಟು ಎದ್ದುಹೋಗಿತ್ತು. ಹೆಬ್ಬೆರಳು ತಾನಾಗಿಯೇ ಅಳಿಸುವ ಗುಂಡಿಯ ಮೇಲೆ ಹೋಯಿತು. ಲೈಟು ಆರಿತು. "ಏನೂ ಇಲ್ಲ ಮಾವ, ಎಲ್ಲ ಸರಿಯಾಗಿದೆ" ಎಂದ. ಹೆಂಡತಿಗೂ ಅದನ್ನೇ ಹೇಳಿದ.

ಹೆಂಡತಿ ಸುಳ್ಳು ಹೇಳಿ ಎಂದು ಅವನನ್ನು ಕೇಳಿರಲಿಲ್ಲ. ಕೇಳಿದ್ದರೆ ಎಷ್ಟೋ ವಾಸಿಯಿತ್ತು, ಅರ್ಧ ತಪ್ಪು ಅವಳ ತಲೆಗೆ ಕಟ್ಟಬಹುದಿತ್ತು. ಅವಳು ಹೇಳಿದ್ದು ಇಷ್ಟೇ: "ಗಾಡೀದಾ, ಅಪ್ಪಂದಾ, ನೀವು ನೋಡಿ ಹೇಳಿ. ನೀವು ಹೇಳಿದ ಹಾಗೆ ಮಾಡ್ತೀನಿ." ನಾಲ್ಕು ರಸ್ತೆ ಕೂಡುವಲ್ಲಿ ಅಪ್ಪನ ಕಾರು ಜರ್ಕ್ ಹೊಡೆದು ನಿಂತು, ಹಿಂದಿನ ಬಸ್ಸು ಕೈಯಳತೆಯಲ್ಲಿ ಬ್ರೇಕ್ ಹಾಕಿದ್ದನ್ನು ಪಕ್ಕದ ಮನೆಯಾಕೆ ಫೋನು ಮಾಡಿ ಹೇಳಿದ ದಿನದಿಂದ ಅವಳಿಗೆ ಊಟ ಸೇರುತ್ತಿರಲಿಲ್ಲ. ಆಸ್ಪತ್ರೆಯ ಔಷಧಿ ಕೌಂಟರಿನಲ್ಲಿ ಕೆಲಸ ಮಾಡುವವಳು. ಯಾವ ರಸ್ತೆಯಲ್ಲಿ ಏನಾದವರು ಯಾವ ಔಷಧಿ ಚೀಟಿ ಹಿಡಿದು ಬರುತ್ತಾರೆಂದು ದಿನಾ ನೋಡುವವಳು. ಅವಳು ಗಂಡನ ಮಾತನ್ನು ನಂಬಿದಳು. ಇಪ್ಪತ್ತು ವರ್ಷದಲ್ಲಿ ಅವನ ಮಾತನ್ನು ಹಾಗೆ ಪೂರಾ ನಂಬಿದ ಸಂದರ್ಭ ಬೆರಳೆಣಿಕೆಯಷ್ಟು, ಅದರಲ್ಲೊಂದನ್ನು ಅವನು ಹೀಗೆ ಹಾಳು ಮಾಡಿದ್ದ.

"ಎಲ್ಲಿ ಬಂತು ಲೈಟು?" ಎಂದು ಕೇಳಿದ, ಕೇಳಲೇಬೇಕಲ್ಲ ಎಂದು.

ಮಾವ ಅಂಗಿಯ ಜೇಬಿನಿಂದ ಸಣ್ಣ ಪುಸ್ತಕ ತೆಗೆದರು. ಹವಾಮಾನ ಕೇಂದ್ರದಲ್ಲಿ ಮೂವತ್ತೊಂದು ವರ್ಷ, ದಿನಕ್ಕೆ ಮೂರು ಸಲ, ಗಾಳಿ ಯಾವ ಕಡೆಯಿಂದ ಬೀಸಿತು, ಬಿಸಿಲೆಷ್ಟು, ತೇವವೆಷ್ಟು ಎಂದು ಬರೆದಿಟ್ಟವರು. ನಿವೃತ್ತಿಯಾದ ಮೇಲೆ ಬರೆಯಲು ಹವೆ ಸಿಗದೆ ಕಾರನ್ನು ಹಿಡಿದುಕೊಂಡಿದ್ದಾರೆ ಎಂದು ಮನೆಯಲ್ಲಿ ಎಲ್ಲರೂ ತಮಾಷೆ ಮಾಡುತ್ತಿದ್ದರು. ಆ ತಮಾಷೆಯನ್ನು ಶುರುಮಾಡಿದವನು ಅವನೇ. ಕನ್ನಡಕ ಏರಿಸಿ ಮಾವ ಓದಿದರು: "ಸೋಮವಾರ, ಎಂಟು ಗಂಟೆ. ಮನೆ ಮುಂದಿನ ಏರು. ಒಂದನೇ ಗೇರು. ನಡುಕ. ಬುಧವಾರ, ಗೆಳೆಯನ ಮನೆಯ ಗುಡ್ಡ, ಒಂದನೇ ಗೇರು, ನಡುಕ, ಆರಿತು. ಅಲ್ಲೇ ಹಿಂದಕ್ಕೆ ಇಳಿಸಿದೆ, ಏನೂ ಇಲ್ಲ." ಪುಟ ತಿರುವಿದರು. "ಗುರುವಾರ. ಮುಂದಕ್ಕೆ ಹೋಗುವಾಗ ದುಃಖ, ಹಿಂದಕ್ಕೆ ಹೋಗುವಾಗ ಸುಖ." ತಲೆಯೆತ್ತಿ ಸ್ವಲ್ಪ ನಾಚಿಕೆಯಿಂದ, "ಅದು ಸುಮ್ನೆ ಬರೆದಿದ್ದು. ನಿನ್ನೆ ಲೈಟು ಬಂದಿದ್ದೂ ಮನೆ ಮುಂದಿನ ಏರಲ್ಲೇ" ಎಂದರು.

ಗುಡ್ಡದ ಮೇಲಿನ ಗೆಳೆಯನೂ ಅದೇ ಹವಾಮಾನ ಕೇಂದ್ರದವನು, ಮಂಡಿ ಎರಡೂ ಕೈಕೊಟ್ಟು ಕೆಳಗಿಳಿಯಲಾರದವನು. ಆ ಕಡೆ ಬಸ್ಸಿಲ್ಲ. ವಾರಕ್ಕೆ ಮೂರು ಬೆಳಿಗ್ಗೆ ಇಬ್ಬರೂ ಚದುರಂಗ ಆಡುತ್ತಾರೆ, ಆಡುವುದಕ್ಕಿಂತ ಹೆಚ್ಚು ಹೊತ್ತು ಮೋಡ ನೋಡಿ ವಾದ ಮಾಡುತ್ತಾರೆ. ಕೀ ಕೊಟ್ಟರೆ ಅದೂ ನಿಂತುಹೋಗುತ್ತದೆ. ಮಗಳೋ ಅಳಿಯನೋ ಪುರುಸೊತ್ತಾದಾಗ ಬಿಟ್ಟು ಬರುತ್ತೇವೆ ಎಂದು ಹೇಳಿದ್ದರು; ಪುರುಸೊತ್ತು ಯಾವಾಗ ಆಗುತ್ತದೆ ಎಂಬುದು ಹೇಳಿದವರಿಗೂ ಗೊತ್ತಿತ್ತು, ಕೇಳಿಸಿಕೊಂಡವರಿಗೂ ಗೊತ್ತಿತ್ತು. ಅವನು ಸ್ಕ್ಯಾನರ್ ತೆಗೆದುಕೊಂಡು ಕಾರಿನೊಳಗೆ ಬಗ್ಗಿದ. ಸೀಟಿನಿಂದ ಮಾವನ ತಲೆಯೆಣ್ಣೆಯ ವಾಸನೆ ಬಂತು. ಇದೇ ವಾಸನೆಯ ಕೋಣೆಯಲ್ಲಿ ಅವನು ಇಪ್ಪತ್ತೊಂದು ವರ್ಷದ ಹಿಂದೆ, ಅವರ ಮನೆಗೆ ಹೆಣ್ಣು ನೋಡಲು ಮೊದಲ ಸಲ ಹೋದ ದಿನ, ಎರಡೂ ಕೈಯನ್ನು ತೊಡೆಯ ಕೆಳಗಿಟ್ಟುಕೊಂಡು ಕೂತಿದ್ದ. ಸೀಮೆಎಣ್ಣೆ, ಸೋಪು, ಮರಳು ಎಲ್ಲ ಹಾಕಿ ಉಜ್ಜಿದರೂ ಉಗುರಿನ ಕಪ್ಪು ಹೋಗಿರಲಿಲ್ಲ. ಹುಡುಗಿಯ ದೊಡ್ಡಪ್ಪ ಅದನ್ನೇ ನೋಡುತ್ತಿದ್ದರು, ನೋಡಿ ಪಕ್ಕದವರ ಕಡೆ ತಿರುಗಿ ಸಣ್ಣಗೆ ನಕ್ಕರು. ಆಗ ಹುಡುಗಿಯ ಅಪ್ಪ ಕುರ್ಚಿಯನ್ನು ಹತ್ತಿರ ಎಳೆದುಕೊಂಡು, "ಬೆಳಿಗ್ಗೆ ಯಾವ ಗಾಡಿ ಬಿಚ್ಚಿದ್ರಿ? ಏನಾಗಿತ್ತು ಅದಕ್ಕೆ?" ಎಂದು ಕೇಳಿದರು. ಅವನು ಕೈ ಹೊರಗೆ ತೆಗೆದು, ಆ ಕೈಯಲ್ಲೇ ಗಾಳಿಯಲ್ಲಿ ಇಂಜಿನ್ ಬರೆದು, ಮುಕ್ಕಾಲು ಗಂಟೆ ಮಾತಾಡಿದ್ದ. ಅವರು ಒಂದು ಸಲವೂ ಗಡಿಯಾರ ನೋಡಿರಲಿಲ್ಲ. ಅಂಥವರಿಗೆ ಅವನು ಏನೂ ಇಲ್ಲ ಎಂದು ಹೇಳಿದ್ದ, ಅದೂ ಅರ್ಧ ನಿಮಿಷದಲ್ಲಿ.

ಸ್ಕ್ಯಾನರಿನ ಪರದೆ ಬೆಳಗಿತು. ಅದೇ ಕೋಡ್. ಪಿ, ಸೊನ್ನೆ, ಒಂದು, ಏಳು, ಒಂದು. ಹೆಬ್ಬೆರಳು ಹಳೇ ಚಾಳಿಯಂತೆ ಗುಂಡಿಯ ಕಡೆ ಸರಿದಾಗ ಅದನ್ನು ಇನ್ನೊಂದು ಕೈಯಿಂದ ಹಿಡಿದುಕೊಂಡ. ಕೋಡ್ ಬಿದ್ದ ಗಳಿಗೆಯಲ್ಲಿ ವೇಗವೆಷ್ಟಿತ್ತು, ಇಂಜಿನ್ ಎಷ್ಟು ಬಿಸಿಯಾಗಿತ್ತು, ಎಷ್ಟು ಭಾರ ಎಳೆಯುತ್ತಿತ್ತು ಎಂಬುದನ್ನೆಲ್ಲ ಕಾರಿನ ಕಂಪ್ಯೂಟರ್ ಒಂದು ಫೋಟೋ ಹಿಡಿದಂತೆ ಇಟ್ಟುಕೊಂಡಿರುತ್ತದೆ. ಕೋಡ್ ಅಳಿಸಿದರೆ ಆ ಫೋಟೋವೂ ಹೋಗುತ್ತದೆ. ಓದುವ ಮುಂಚೆ ಅಳಿಸುವವನು ಮೆಕ್ಯಾನಿಕ್ಕೇ ಅಲ್ಲ ಎಂದು ಅವನೇ ಎಷ್ಟು ಜನರ ಮುಂದೆ ಭಾಷಣ ಬಿಗಿದಿಲ್ಲ. ಈ ಸಲ ಒಂದೊಂದೇ ಸಾಲು ಓದಿದ. ವೇಗ ಆರು ಕಿಲೋಮೀಟರ್. ಇಂಜಿನ್ ಇನ್ನೂ ಅರ್ಧ ತಣ್ಣಗಿತ್ತು. ಭಾರ ಮಾತ್ರ ಜಾಸ್ತಿ. ಅಂದರೆ ಗಾಡಿ ಆಗಷ್ಟೇ ಏರಿನಲ್ಲಿ ಹೊರಡುತ್ತಿತ್ತು. ಪುಸ್ತಕದಲ್ಲಿದ್ದದ್ದೂ ಅದೇ. ಒಂದು ಕಡೆ ಕಂಪ್ಯೂಟರ್, ಇನ್ನೊಂದು ಕಡೆ ಪೆನ್ಸಿಲ್ ಹಿಡಿದ ಮುದುಕರು, ಇಬ್ಬರೂ ಒಬ್ಬರನ್ನೊಬ್ಬರು ಕೇಳಿಕೊಳ್ಳದೆ ಒಂದೇ ಮಾತು ಹೇಳುತ್ತಿದ್ದರು. ಅವನು ನೆಲದ ಮೇಲೆ ಕೂತುಬಿಟ್ಟ.

"ಏನಾದ್ರೂ ಇದೆಯಾ?" ಎಂದರು ಮಾವ.

"ನೋಡ್ತಿದೀನಿ ಮಾವ" ಎಂದ. ಇದೆ ಎಂದು ಹೇಳಲು ಬಾಯಿ ಬರಲಿಲ್ಲ. ಇದೆ ಎಂದರೆ, ಅವತ್ತು ಯಾಕೆ ಇರಲಿಲ್ಲ ಎಂಬ ಮಾತು ಅದರ ಹಿಂದೆಯೇ ಬರುತ್ತದೆ.

ಮುಂದಿನ ಒಂದೂವರೆ ಗಂಟೆ ಅವನು ಬಾನೆಟ್ಟಿನ ಕೆಳಗೆ ಮುಖ ಅಡಗಿಸಿಕೊಂಡಿದ್ದ. ಗಾಳಿ ಜಾಸ್ತಿ ಎಂದರೆ ಎಲ್ಲಿಂದಲೋ ಕಳ್ಳಗಾಳಿ ಒಳನುಗ್ಗುತ್ತಿರಬೇಕು. ಇಂಜಿನ್ ಓಡುತ್ತಿರುವಾಗ ಸಂದುಗೊಂದುಗಳಿಗೆಲ್ಲ ಸ್ಪ್ರೇ ಹೊಡೆದ. ತೂತಿದ್ದರೆ ಸದ್ದು ಬದಲಾಗಬೇಕಿತ್ತು, ಬದಲಾಗಲಿಲ್ಲ. ಸಣ್ಣ ಪೈಪುಗಳನ್ನು ಒಂದೊಂದಾಗಿ ಹಿಸುಕಿ ನೋಡಿದ. ಏರ್ ಫಿಲ್ಟರಿನ ಡಬ್ಬಿ ಬಿಚ್ಚಿ, ಒರೆಸಿ, ಹಾಕಿದ. ಎಲ್ಲ ನೆಟ್ಟಗಿತ್ತು. ಇಂಜಿನ್ ಒಳ್ಳೆಯ ಹುಡುಗನಂತೆ ಒಂದೇ ಸಮ ಗುನುಗುತ್ತಿತ್ತು. ಮನಸ್ಸಿನ ಒಂದು ಮೂಲೆ ಇದರಿಂದ ಹಿಗ್ಗಿದ್ದು ಅವನಿಗೆ ತಿಳಿಯಿತು: ಸಿಗದಿದ್ದರೇ ಒಳ್ಳೆಯದು, ಹೇಳಿದ್ದೇ ನಿಜವಾಗುತ್ತದೆ, ಯಾರಿಗೂ ಏನೂ ಗೊತ್ತಾಗುವುದಿಲ್ಲ. ಆ ಮೂಲೆಯ ಮೇಲೆ ಅವನಿಗೆ ಅಸಹ್ಯವಾಯಿತು. ಅತ್ತ ಮಾವ ಹಳೇ ಟೈರಿನ ಮೇಲೆ ಕೂತು, ತಗಡಿನ ಮಾಡಿನ ಕಿಂಡಿಯಿಂದ ಆಕಾಶ ನೋಡುತ್ತಿದ್ದರು. "ಇವತ್ತು ಗಾಳಿ ಮಧ್ಯಾಹ್ನದ ಮೇಲೆ ತಿರುಗುತ್ತೆ" ಎಂದರು ಯಾರಿಗೂ ಅಲ್ಲದೆ. ಕೀ ಕಳೆದುಕೊಳ್ಳಲಿರುವವರು ಹೀಗೆ ಕೂತಿರುತ್ತಾರೆಯೇ? ಅವನಾಗಿದ್ದರೆ ಇಷ್ಟು ಹೊತ್ತಿಗೆ ಇಡೀ ಬೀದಿಗೆ ಕೇಳಿಸುವಂತೆ ರಂಪ ಮಾಡುತ್ತಿದ್ದ.

ಹನ್ನೆರಡೂವರೆಗೆ ಅವನು ಬೆನ್ನು ನೆಟ್ಟಗೆ ಮಾಡಿಕೊಂಡು, ಕೈ ಸೊಂಟಕ್ಕಿಟ್ಟು, ಇಂಜಿನ್ನನ್ನೇ ದುರುಗುಟ್ಟಿ ನೋಡಿದ. ಮುಂದಕ್ಕೆ ಹೋಗುವಾಗ ದುಃಖ, ಹಿಂದಕ್ಕೆ ಹೋಗುವಾಗ ಸುಖ. ಮನೆಯಲ್ಲಿ ಇದನ್ನು ಓದಿ ಅವನು ಹೊಟ್ಟೆ ಹಿಡಿದುಕೊಂಡು ನಕ್ಕಿದ್ದ, ಇದೇನು ಮಾವ ವೇದಾಂತ ಎಂದಿದ್ದ. ಹಿಂದಕ್ಕೆ ಹೋಗುವಾಗ ಯಾಕೆ ಸುಖ? ಕಾಲು ಅದೇ. ಕ್ಲಚ್ ಅದೇ. ಪೆಟ್ರೋಲ್, ಗಾಳಿ ಎಲ್ಲ ಅದೇ. ಬೇರೆಯಾಗುವುದು ಒಂದೇ: ಗಾಡಿ ಹೊರಡುವಾಗ ಇಂಜಿನ್ ತಾನು ಕೂತ ಜಾಗದಲ್ಲೇ ಒಂದು ಬದಿಗೆ ವಾಲುತ್ತದೆ. ಮುಂದಿನ ಗೇರಿನಲ್ಲಿ ಒಂದು ಕಡೆಗೆ, ಹಿಂದಿನ ಗೇರಿನಲ್ಲಿ ಅದಕ್ಕೆ ಎದುರು. ನಿಂತಲ್ಲೇ ಗುನುಗುವಾಗ ಎತ್ತಲೂ ಇಲ್ಲ. ಅವನು ನೋಡಿದ್ದೆಲ್ಲ ನಿಂತ ಗಾಡಿಯ ಇಂಜಿನ್ನನ್ನು. ಕತ್ತಿನ ಹಿಂದೆ ಬಿಸಿ ಏರಿತು, ನಾಚಿಕೆಯೋ ಉತ್ಸಾಹವೋ ಬೇರ್ಪಡಿಸಲಾಗಲಿಲ್ಲ.

"ಮಾವ" ಎಂದ. "ಸ್ವಲ್ಪ ಒಳಗೆ ಕೂತ್ಕೋತೀರಾ? ಒಬ್ಬನ ಕೈಲಿ ಆಗೋ ಕೆಲಸ ಅಲ್ಲ ಇದು."

ನಾಲ್ಕೂ ಚಕ್ರಕ್ಕೆ ಮರದ ದಿಮ್ಮಿ ಕೊಟ್ಟ. ಹ್ಯಾಂಡ್‌ಬ್ರೇಕ್ ಎಳೆಸಿದ. ಮುಂದೆ ನಿಲ್ಲದೆ ಪಕ್ಕದ ಮಡ್‌ಗಾರ್ಡಿನ ಮೇಲಿನಿಂದ ಬಗ್ಗಿ, ಒಂದು ಕೈಯಲ್ಲಿ ಟಾರ್ಚು, ಇನ್ನೊಂದರಲ್ಲಿ ಉದ್ದ ಹಿಡಿಯ ಸಣ್ಣ ಕನ್ನಡಿ ಹಿಡಿದ. "ಬಲಗಾಲಲ್ಲಿ ಬ್ರೇಕ್ ಗಟ್ಟಿಯಾಗಿ ಒತ್ಕೊಂಡಿರಿ. ಒಂದನೇ ಗೇರ್ ಹಾಕಿ. ಎಡಗಾಲು ಮೆಲ್ಲಗೆ ಬಿಡಿ. ಗಾಡಿ ಹೊರಡ್ಬೇಕು ಅನ್ನುತ್ತಲ್ಲ, ಅಲ್ಲಿ ನಿಲ್ಲಿಸಿ. ಬಿಡಲೂಬೇಡಿ, ಒತ್ತಲೂಬೇಡಿ."

"ಎಷ್ಟು ಹೊತ್ತು?"

"ನಾನು ಸಾಕು ಅನ್ನೋವರೆಗೆ."

ಇಂಜಿನ್ ವಾಲಿತು. ಅವನು ಒಂದು, ಎರಡು ಎಂದು ಎಣಿಸತೊಡಗಿದ, ಈಗ ಆರುತ್ತದೆ, ಈಗ ಆರುತ್ತದೆ ಎಂದು ಕಾಯುತ್ತ. ಹತ್ತಾಯಿತು. ಹದಿನೈದಾಯಿತು. ಆ ಕಾಲು ಕೂದಲೆಳೆಯಷ್ಟೂ ಕದಲಲಿಲ್ಲ. ಅವನಿಂದಲೇ ಹೀಗೆ ಹಿಡಿಯಲು ಆಗುತ್ತಿತ್ತೋ ಇಲ್ಲವೋ. ಮನೆಮಂದಿಯೆಲ್ಲ ಸೇರಿ ಅಪರಾಧಿ ಎಂದು ತೀರ್ಪು ಕೊಟ್ಟಿದ್ದ ಎಡಗಾಲು ಒಂದೂವರೆ ಕ್ವಿಂಟಾಲ್ ಕಬ್ಬಿಣವನ್ನು ಒಂದು ಬದಿಗೆ ವಾಲಿಸಿ ಹಾಗೇ ನಿಲ್ಲಿಸಿಕೊಂಡಿತ್ತು. ಆಗ ಎಲ್ಲಿಂದಲೋ ಸ್ಸ್ ಎಂಬ ಸಣ್ಣ ಸದ್ದು ಬಂತು. ಫಿಲ್ಟರಿನಿಂದ ಇಂಜಿನ್ನಿಗೆ ಗಾಳಿ ಒಯ್ಯುವ ದಪ್ಪ ರಬ್ಬರ್ ಕೊಳವೆಯ ಕೆಳಗೆ, ಮಡಿಕೆಯೊಂದರ ಸಂದಿಯಲ್ಲಿ, ಕಿರುಬೆರಳು ಉದ್ದದ ಸೀಳೊಂದು ಬಾಯಿ ತೆರೆದಿತ್ತು. ಕನ್ನಡಿಯಲ್ಲಿ ಅದು ಸ್ಪಷ್ಟವಾಗಿ ಕಂಡಿತು. "ಕ್ಲಚ್ ಒತ್ತಿ" ಎಂದ. ಇಂಜಿನ್ ನೆಟ್ಟಗಾಯಿತು, ಸೀಳು ಮುಚ್ಚಿಕೊಂಡು ಇಲ್ಲವೇ ಇಲ್ಲ ಎನ್ನುವಂತಾಯಿತು. "ಇನ್ನೊಂದು ಸಲ ಬಿಡಿ ಮಾವ" ಎಂದ. ತೆರೆಯಿತು. ಅವನು ಖುಷಿಯಲ್ಲಿ ತಲೆಯೆತ್ತಲು ಹೋಗಿ ಬಾನೆಟ್ಟಿಗೆ ಬಡಿಸಿಕೊಂಡ.

"ಇಂಜಿನ್ ಆನ್ ಇದೆ" ಎಂದು ಹಿಂದಿನಿಂದ ಹೆಂಡತಿಯ ದನಿ ಕೇಳಿಸಿತು. "ಗಾಡಿ ಗೇರಲ್ಲಿದೆ. ನೀವು ಅದರೊಳಗೆ ತಲೆ ಹಾಕ್ಕೊಂಡು ನಿಂತಿದೀರಿ. ಕ್ಲಚ್ ಮೇಲೆ ಅಪ್ಪ."

ಬಿಳಿ ಕೋಟನ್ನೂ ಬಿಚ್ಚದೆ ಆಸ್ಪತ್ರೆಯಿಂದ ನೇರ ಬಂದಿದ್ದಳು. ಮುಖ ಬಿಳಿಚಿಕೊಂಡಿತ್ತು. ಅವನು ಮಾವನಿಗೆ ಇಂಜಿನ್ ನಿಲ್ಲಿಸಲು ಹೇಳಿದ. ಈಗ ಒಂದು ಸುಲಭದ ದಾರಿಯಿತ್ತು: ಇವತ್ತು ಹೊಸದಾಗಿ ಹರಿದಿದೆ ಎಂದರೆ ಸಾಕು. ರಬ್ಬರು, ಇವತ್ತು ಹರಿಯಬಾರದೆಂದೇನಿಲ್ಲ. ಆ ವಾಕ್ಯ ನಾಲಗೆಯ ತುದಿಗೆ ಬಂದು, ಚಪ್ಪಲಿ ಮೆಟ್ಟಿಕೊಂಡು ಹೊರಗೆ ಬರಲೇ ಎಂದು ಕೇಳುತ್ತ ನಿಂತಿತ್ತು. ಅವನು ತಲೆಯ ಬುಗುಟು ಉಜ್ಜಿಕೊಂಡ. ಸೀಟಿನಲ್ಲಿ ಕೂತ ಮಾವ ಕನ್ನಡಕದ ಮೇಲಿನಿಂದ ಅವನನ್ನೇ ನೋಡುತ್ತಿದ್ದರು.

"ಗಾಡೀದೇ ತಪ್ಪು" ಎಂದ. "ಕೊಳವೆ ಹರಿದಿದೆ. ಮುಂದಕ್ಕೆ ಹೊರಟಾಗ ಮಾತ್ರ ಬಾಯಿ ಬಿಡುತ್ತೆ. ಅದಕ್ಕೇ ನಡುಕ, ಅದಕ್ಕೇ ಆರೋದು." ಉಸಿರು ತೆಗೆದುಕೊಂಡ. "ಮೂರು ವಾರದ ಹಿಂದೇನೂ ಕೋಡ್ ಬಂದಿತ್ತು. ನಾನು ಅಳಿಸ್ಬಿಟ್ಟೆ. ನೋಡ್ಲಿಲ್ಲ. ನೋಡದೇನೇ ಏನೂ ಇಲ್ಲ ಅಂದೆ."

ಹೆಂಡತಿ ಬಗ್ಗಿ ಬಾನೆಟ್ಟಿನೊಳಗೆ ಒಮ್ಮೆ ನೋಡಿದಳು. ಆಮೇಲೆ ಮೆಲ್ಲಗೆ, "ನಿಮ್ಮ ಮಾತು ಕಟ್ಕೊಂಡು ನಾನು ಅಪ್ಪನಿಗೆ ಏನೇನು ಅಂದೆ ಗೊತ್ತೇನ್ರೀ?" ಎಂದಳು. ಗೊತ್ತಿತ್ತು. ಅವನೂ ಅದೇ ಕೋಣೆಯಲ್ಲಿ ಪೇಪರ್ ಹಿಡಿದು ಕೂತಿದ್ದ, ಒಂದೇ ಪುಟವನ್ನು ಅರ್ಧ ಗಂಟೆ ಓದಿದ್ದ. ವಯಸ್ಸಾಯ್ತು ಅಂತ ಒಪ್ಕೋ ಅಪ್ಪ, ನಿನ್ನ ತಪ್ಪನ್ನ ಗಾಡಿ ಮೇಲೆ ಹಾಕ್ಬೇಡ ಎಂದಿದ್ದಳು ಅವಳು. ಮಾವ ಆಗಲಮ್ಮ ಎಂದಿದ್ದರು.

"ನನಗೆ ಅವತ್ತೇ ಗೊತ್ತಾಯ್ತು" ಎಂದರು ಮಾವ, ಕಾರಿನ ಕಿಟಕಿಯಿಂದ. "ಏನೂ ಇಲ್ಲ ಅಂತೀಯ, ಲೈಟೂ ಆರಿಸ್ತೀಯ. ಏನೂ ಇಲ್ದಿದ್ರೆ ಆರಿಸಿದ್ದೇನು ಅಂತ ಕೇಳೋಣ ಅನ್ಕೊಂಡೆ."

"ಕೇಳ್ಬೇಕಿತ್ತು ಮಾವ."

"ಕೇಳ್ಬೇಕಿತ್ತು. ಆದ್ರೆ ನೀನು ಅಷ್ಟು ಕಷ್ಟಪಟ್ಟು ಹೇಳ್ತಿದ್ದೆ. ಕಿವಿಯೆಲ್ಲ ಕೆಂಪಾಗಿತ್ತು. ನನ್ನ ಮಗಳನ್ನ ಕೊಟ್ಟಿರೋ ಮನುಷ್ಯನಿಗೆ ಸುಳ್ಳು ಹೇಳೋಕೆ ಬರಲ್ಲ ಅಂತ ಇಪ್ಪತ್ತು ವರ್ಷ ಆದ್ಮೇಲೆ ಖಾತ್ರಿ ಆಯ್ತು. ಅದೇ ಒಂದು ಸಂತೋಷ ಅಂತ ಮನೆಗೆ ಹೋದೆ."

ಅವನಿಗೆ ನಗು ಬಂತು, ಕಣ್ಣೂ ತುಂಬಿತು, ಎರಡನ್ನೂ ಮರೆಮಾಡಲು ಹಿಂದಿನ ಕಪಾಟಿಗೆ ಹೋಗಿ ಕೊಳವೆ ಹುಡುಕತೊಡಗಿದ. ಇಂಥದೇ ಹಳೇ ಕಾರಿನಿಂದ ಬಿಚ್ಚಿಟ್ಟ ಒಂದು ಗಟ್ಟಿ ಕೊಳವೆ ಇತ್ತು. ಹಾಕಿ, ಎರಡೂ ತುದಿಯ ಕ್ಲಾಂಪ್ ಬಿಗಿದು, ಬೆರಳಿನಿಂದ ಅಲ್ಲಾಡಿಸಿ ನೋಡಿದ. ಕೋಡ್ ಅಳಿಸುವ ಮುಂಚೆ ಸ್ಕ್ಯಾನರ್ ಪರದೆಯನ್ನು ಹೆಂಡತಿಯ ಮುಂದೆ ಹಿಡಿದು, ಅದರಲ್ಲಿದ್ದುದನ್ನು ಒಂದೊಂದೇ ಓದಿ ಹೇಳಿದ. ಅವಳು ಅರ್ಥವಾದವಳಂತೆ ತಲೆಯಾಡಿಸಲಿಲ್ಲ, ಔಷಧಿ ಚೀಟಿ ಓದುವ ಹಾಗೆ ತಾನೇ ಇನ್ನೊಮ್ಮೆ ಓದಿದಳು. ಓದಿ, "ಹಾಗಾದ್ರೆ ಹೋದ ತಿಂಗಳು ಅಪ್ಪ ಮನೆ ಗೇಟಿನ ಕಂಬಕ್ಕೆ ಗುದ್ದಿದ್ದೂ ಇದರಿಂದ್ಲೇನಾ?" ಎಂದು ಕೇಳಿದಳು. ಗಂಡ ಹೂಂ ಎನ್ನಲು ಬಾಯಿ ತೆರೆದಿದ್ದ.

"ಇಲ್ಲಮ್ಮ" ಎಂದರು ಮಾವ. "ಅದು ಹಿಂದಕ್ಕೆ ತಗೊಳ್ಳುವಾಗ ಆಗಿದ್ದು. ಹಿಂದಕ್ಕೆ ಹೋಗುವಾಗ ಗಾಡಿ ಸರಿಯಾಗೇ ಇರುತ್ತೆ."

ಅವಳು ಅಪ್ಪನನ್ನು ನೋಡಿದಳು, ಗಂಡನನ್ನು ನೋಡಿದಳು. ಇಬ್ಬರಲ್ಲಿ ಯಾರ ಮೇಲೆ ಹೆಚ್ಚು ಕೋಪ ಮಾಡಿಕೊಳ್ಳಬೇಕೆಂದು ತೂಗಿ ನೋಡುವಂತಿತ್ತು. ಕೈ ಚಾಚಲಿಲ್ಲ, ಕೀ ಕೇಳಲಿಲ್ಲ. "ಊಟದ ಬಿಡುವು ಇನ್ನೂ ನಲವತ್ತು ನಿಮಿಷ ಇದೆ" ಎಂದಳು. "ಗುಡ್ಡದವರೆಗೆ ಹೋಗಿ ಬರೋಣ. ನಾನೇ ಪಕ್ಕದಲ್ಲಿ ಕೂತು ನೋಡ್ತೀನಿ. ಇನ್ನೊಬ್ಬರು ಹೇಳಿದ್ದು ಕೇಳಿ ತೀರ್ಮಾನ ಮಾಡಿದ್ದು ಸಾಕು." ಇನ್ನೊಬ್ಬರು ಎಂದಾಗ ಅವನ ಕಡೆ ನೋಡಲಿಲ್ಲ. ಆದರೆ ಹಾದುಹೋಗುವಾಗ ಅವನ ತಲೆಯ ಬುಗುಟನ್ನು ಎರಡು ಬೆರಳಿನಿಂದ ಒತ್ತಿ, ಅವನು ಅಯ್ಯೋ ಎಂದ ಮೇಲೆ, "ಐಸ್ ಇಟ್ಕೊಳ್ಳಿ" ಎಂದಳು.

ಅವನು ದಿಮ್ಮಿಗಳನ್ನು ತೆಗೆದ. ಮಾವ ಸೀಟು ಸರಿಮಾಡಿಕೊಂಡು, ಮೂರೂ ಕನ್ನಡಿ ನೋಡಿ, ಮಗಳು ಬೆಲ್ಟ್ ಹಾಕಿಕೊಂಡಿದ್ದಾಳೆಯೇ ಎಂದು ನೋಡಿ, ಕಾರನ್ನು ಹಿಂದಕ್ಕೆ ತೆಗೆದು ಬೀದಿಯ ಕಡೆ ತಿರುಗಿಸಿದರು. ಶೆಡ್ಡಿನಿಂದ ಬೀದಿಗೆ ಸಣ್ಣದೊಂದು ಏರು. ಅಲ್ಲಿ ಒಂದು ಗಳಿಗೆ ನಿಂತು, ಎರಡೂ ಕಡೆ ನೋಡಿ, ಹೊರಟರು. ಕಾರು ಗಕ್ಕೆಂದು ಮುಂದಕ್ಕೆ ಜಿಗಿದು ಆರಿಹೋಯಿತು.

ಹಿಂದಿನ ಗಾಜಿನಲ್ಲಿ ಹೆಂಡತಿಯ ತಲೆ ಅಲುಗಾಡದೆ ನೆಟ್ಟಗೆ ಮುಂದೆ ನೋಡುತ್ತಿರುವುದು ಕಾಣುತ್ತಿತ್ತು. ಕ್ಲಾಂಪ್ ಬಿಗಿದೆನೇ? ಬಿಗಿದೆ. ಎರಡೂ ಬಿಗಿದೆನೇ? ಇನ್ನೊಂದು ಸೀಳೇನಾದರೂ ಇತ್ತೇ, ಅದನ್ನೂ ನೋಡದೆ ಬಿಟ್ಟೆನೇ? ಟಾರ್ಚು ಎಲ್ಲಿಟ್ಟೆ ಎಂದು ತಡಕಾಡಿ, ಸಿಗದೆ, ಬರಿಗೈಯಲ್ಲೇ ಕಾರಿನ ಕಡೆ ಓಡತೊಡಗಿದ. ಆಗ ಕಿಟಕಿಯಿಂದ ಮಾವನ ನರೆತ ತಲೆ ಹೊರಬಂತು, ಅದರ ಹಿಂದೆ ಒಂದು ಕೈ ಬಂದು, ನಿಲ್ಲು ಎಂದು ಸನ್ನೆ ಮಾಡಿತು.

"ಓಡ್ಬೇಡಪ್ಪ, ಅಲ್ಲೇ ಇರು" ಎಂದರು. "ಮಗಳು ನೋಡ್ತಿದಾಳೆ ಅಂತ ಗಾಬರಿಯಾಗಿ ಕಾಲು ಬಿಟ್ಬಿಟ್ಟೆ. ಇದು ಗಾಡೀದಲ್ಲ. ಇದು ನಂದು."

ಒಳಗಿನಿಂದ ಅವಳು ನಕ್ಕಿದ್ದು ಅವನಿಗೆ ಶೆಡ್ಡಿನವರೆಗೆ ಕೇಳಿಸಿತು. ಕಾರು ಮತ್ತೆ ಚಾಲೂ ಆಗಿ, ಏರು ಹತ್ತಿ, ಇಂಡಿಕೇಟರ್ ಹಾಕಿ ಎಡಕ್ಕೆ ತಿರುಗಿ, ಗುಡ್ಡದ ದಾರಿ ಹಿಡಿಯಿತು.